ವೈ-ಫೈ ಇದೆ, ಇಂಟರ್ನೆಟ್ ಇಲ್ಲ: ದೋಷ ಎಲ್ಲಿದೆ?



ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಈಗ ಎಲ್ಲರಿಗೂ ಪರಿಚಿತವಾದ ಮಾತೊಂದಿದೆ. “ಸರ್ವರ್ ಇಲ್ರಿ, ನಾಳಿ ಬರ್ರಿ.” ಪಹಣಿ ಕೇಳಲು ಹೋದ ರೈತನಿಗೆ ಈ ಉತ್ತರ ಸಿಗುತ್ತದೆ. ತೊಗರಿಗೆ ಬೆಳೆವಿಮೆ ಮಾಡಿಸಲು ಹೋದವರಿಗೆ, ವಿದ್ಯಾರ್ಥಿವೇತನದ ಅರ್ಜಿ ತುಂಬಲು ಹೋದ ಹುಡುಗಿಗೆ ಕೂಡ ಇದೇ ಉತ್ತರ. ಪಹಣಿಯನ್ನು ಗಣಕದ ಮೂಲಕ ಕೊಡುವ ‘ಭೂಮಿ’ ಯೋಜನೆ ನಮ್ಮ ರಾಜ್ಯದಲ್ಲಿ 2000ದ ಸುಮಾರಿಗೆ ಬಂತು. ಅಲ್ಲಿಂದೀಚೆಗೆ ಒಂದೊಂದಾಗಿ ಅನೇಕ ಕಾಗದಪತ್ರಗಳು ಪರದೆಯ ಹಿಂದೆ ಸೇರಿಕೊಂಡಿವೆ. ಆದ್ದರಿಂದ ಪರದೆಯ ಮೇಲೆ ಜಗತ್ತು ಮೂಡದಿದ್ದರೆ ಒಬ್ಬರ ದಿನಗೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬೀಳುತ್ತದೆ, ಕೆಲವೊಮ್ಮೆ ಅರ್ಜಿಯ ಕೊನೆಯ ದಿನವೇ ಕೈತಪ್ಪುತ್ತದೆ.

ಆದರೆ ‘ಸರ್ವರ್ ಇಲ್ಲ’ ಎನ್ನುವ ಈ ಒಂದೇ ಮಾತಿನೊಳಗೆ ಕನಿಷ್ಠ ನಾಲ್ಕು ಬೇರೆ ಬೇರೆ ದೋಷಗಳು ಅಡಗಿರುತ್ತವೆ. ಅವುಗಳಲ್ಲಿ ಎರಡನ್ನು ನೀವೇ ಕುಳಿತಲ್ಲಿ ಸರಿಪಡಿಸಬಹುದು. ಉಳಿದ ಎರಡನ್ನು ಸರಿಪಡಿಸಲಾಗದಿದ್ದರೂ ಯಾರಿಗೆ ದೂರು ಕೊಡಬೇಕೆಂದು ಖಚಿತವಾಗಿ ತಿಳಿಯಬಹುದು. ಲ್ಯಾಪ್‌ಟಾಪು ವೈ-ಫೈ ಹಿಡಿದಿದೆ, ಆದರೂ ಇಂಟರ್ನೆಟ್ ಬರುತ್ತಿಲ್ಲ ಎಂಬ ಒಂದೇ ಸಮಸ್ಯೆಯನ್ನು ಹಿಡಿದುಕೊಂಡು ಇದನ್ನು ವಿವರಿಸುವುದು ಈ ಮಾತಿನ ಉದ್ದೇಶ.

ಮೊದಲು ಒಂದು ಮುಖ್ಯ ವಿಷಯ. ವೈ-ಫೈ ಮತ್ತು ಇಂಟರ್ನೆಟ್ ಎರಡೂ ಒಂದೇ ಅಲ್ಲ. ವೈ-ಫೈ ಎಂದರೆ ನಿಮ್ಮ ಲ್ಯಾಪ್‌ಟಾಪಿನಿಂದ ಗೋಡೆಯ ಮೇಲಿನ ರೂಟರ್ ಪೆಟ್ಟಿಗೆಯವರೆಗೆ ನಡೆಯುವ ರೇಡಿಯೋ ಸಂಪರ್ಕ, ಅಷ್ಟೇ. ಅದರ ವ್ಯಾಪ್ತಿ ಕೆಲವು ಹತ್ತು ಮೀಟರುಗಳು. ಅದು ಸಾಮಾನ್ಯವಾಗಿ 2.4 ಅಥವಾ 5 ಗಿಗಾಹರ್ಟ್ಸ್ ತರಂಗಗಳಲ್ಲಿ ನಡೆಯುತ್ತದೆ. ಇದರ ಮೊದಲ ಮಾನಕ 1997ರಲ್ಲಿ ಬಂತು, ವೈ-ಫೈ ಎಂಬ ಹೆಸರು 1999ರಲ್ಲಿ. ಇಂಟರ್ನೆಟ್ ನಮ್ಮ ದೇಶದ ಸಾರ್ವಜನಿಕರಿಗೆ ದೊರೆತದ್ದು ಅದಕ್ಕೂ ಮೊದಲು, 1995ರ ಆಗಸ್ಟ್ 15ರಂದು, ದೂರವಾಣಿ ತಂತಿಯ ಮೂಲಕ. ರೂಟರಿನ ಆಚೆಗೆ ಇರುವ ಗಾಜಿನೆಳೆಯ ತಂತಿ, ತಾಲ್ಲೂಕು ಕೇಂದ್ರದ ಯಂತ್ರ, ಸೇವೆ ಕೊಡುವ ಕಂಪನಿಯ ಜಾಲ, ಕೊನೆಗೆ ನೀವು ತೆರೆಯಬೇಕೆಂದಿರುವ ತಾಣದ ಗಣಕ, ಇವೆಲ್ಲ ಸೇರಿ ಇಂಟರ್ನೆಟ್ಟಿನ ದಾರಿ. ಮನೆಯ ನಲ್ಲಿ ಸರಿಯಾಗಿ ತಿರುಗಿದ ಮಾತ್ರಕ್ಕೆ ಮೇಲಿನ ತೊಟ್ಟಿಯಲ್ಲಿ ನೀರಿದೆ ಎಂದಾಗುವುದಿಲ್ಲವಲ್ಲ!

ಈ ಸೀಮೆಗೆ ಇಂಥ ಸಮಸ್ಯೆ ಹೊಸದೇನೂ ಅಲ್ಲ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ನಡೆದ ‘ಸೈಟ್’ ಉಪಗ್ರಹ ದೂರದರ್ಶನ ಪ್ರಯೋಗದಲ್ಲಿ ಅಂದಿನ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಸೇರಿದ್ದವು. ತಂತಿಜಾಲರಿಯ ದೊಡ್ಡ ಬುಟ್ಟಿಯಂಥ ಆಂಟೆನಾ ನೇರವಾಗಿ ಉಪಗ್ರಹದಿಂದ ಸಂಕೇತ ಹಿಡಿಯುತ್ತಿತ್ತು. ಟಿ.ವಿ. ಹೊತ್ತಿಕೊಂಡು ಪರದೆಯ ತುಂಬ ಬರೀ ಚುಕ್ಕಿಗಳು ಬಂದರೆ ಪೆಟ್ಟಿಗೆಯಲ್ಲಿ ವಿದ್ಯುತ್ ಇದೆ, ಸಂಕೇತ ಇಲ್ಲ ಎಂದರ್ಥ. ಅದೇ ‘ಅಡಚಣೆಗಾಗಿ ವಿಷಾದಿಸುತ್ತೇವೆ’ ಎಂಬ ಫಲಕ ಕಾಣಿಸಿದರೆ? ಪೆಟ್ಟಿಗೆ ಸರಿ, ಆಂಟೆನಾ ಸರಿ, ತೊಂದರೆ ಇರುವುದು ಪ್ರಸಾರ ಮಾಡುವವರ ಕಡೆಯಲ್ಲಿ ಎಂದರ್ಥ. ಆ ಫಲಕ ನೋಡಿದ ಮೇಲೂ ಮಾಳಿಗೆ ಹತ್ತಿ ಆಂಟೆನಾ ತಿರುಗಿಸುವುದು ವ್ಯರ್ಥ. ಇಂಟರ್ನೆಟ್ಟಿನಲ್ಲಿ ಅಂಥ ಫಲಕವನ್ನು ಯಾರೂ ಹಾಕುವುದಿಲ್ಲ. ಅದನ್ನು ನಾವೇ ಪರೀಕ್ಷೆ ಮಾಡಿ ಕಂಡುಕೊಳ್ಳಬೇಕು.

ಮೊದಲ ಪರೀಕ್ಷೆಗೆ ಯಾವ ವಿದ್ಯೆಯೂ ಬೇಡ. ತೊಂದರೆ ಈ ಲ್ಯಾಪ್‌ಟಾಪಿಗೆ ಮಾತ್ರವೇ, ಎಲ್ಲರಿಗೂ ಇದೆಯೇ ಎಂದು ನೋಡಿ. ಒಂದು ಮೊಬೈಲ್ ಫೋನನ್ನು ಅದೇ ವೈ-ಫೈಗೆ ಜೋಡಿಸಿ. ಆಮೇಲೆ ಮರೆಯದೆ ಆ ಫೋನಿನ ಮೊಬೈಲ್ ಡೇಟಾ ಆರಿಸಿ. ಇಲ್ಲದಿದ್ದರೆ ವೈ-ಫೈಯಲ್ಲಿ ಇಂಟರ್ನೆಟ್ ಇಲ್ಲವೆಂದು ಗೊತ್ತಾದ ಕೂಡಲೇ ಫೋನು ಸದ್ದಿಲ್ಲದೆ ತನ್ನ ಸಿಮ್ಮಿನ ದಾರಿ ಹಿಡಿಯಬಹುದು. ಆಗ ‘ಫೋನಿನಲ್ಲಿ ಬರುತ್ತದೆ, ಲ್ಯಾಪ್‌ಟಾಪೇ ಕೆಟ್ಟಿದೆ’ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ಲ್ಯಾಪ್‌ಟಾಪನ್ನು ಅಂಗಡಿಗೆ ಒಯ್ದು, ಸುಮ್ಮನೆ ಫಾರ್ಮ್ಯಾಟ್ ಮಾಡಿಸಿ, ಇದ್ದ ಕಾಗದಪತ್ರ, ಫೋಟೋಗಳನ್ನೆಲ್ಲ ಕಳೆದುಕೊಳ್ಳುವ ದಾರಿ ಶುರುವಾಗುವುದು ಇಲ್ಲಿಂದಲೇ.

ಫೋನಿನಲ್ಲೂ ಬರದಿದ್ದರೆ ಲ್ಯಾಪ್‌ಟಾಪನ್ನು ಬಿಟ್ಟುಬಿಡಿ, ಗೋಡೆಯ ಪೆಟ್ಟಿಗೆ ನೋಡಿ. ಆಳಂದದ ಒಂದು ಮನೆಗೆ ಫೈಬರ್ ಸಂಪರ್ಕ ಇದೆ ಎಂದುಕೊಳ್ಳೋಣ. ಪೆಟ್ಟಿಗೆಯ ಮೇಲೆ ಎಲ್.ಓ.ಎಸ್. ಎಂದು ಬರೆದ ದೀಪ ಇರುತ್ತದೆ. ಅದು ಕೆಂಪಗೆ ಉರಿಯುತ್ತಿದ್ದರೆ ಅಥವಾ ಮಿನುಗುತ್ತಿದ್ದರೆ ಬೆಳಕಿನ ಸಂಕೇತ ಪೆಟ್ಟಿಗೆಗೆ ತಲುಪುತ್ತಿಲ್ಲ. ರಸ್ತೆ ಅಗೆಯುವಾಗ ತಂತಿ ತುಂಡಾಗಿರಬಹುದು, ಕಂಬದ ಮೇಲೆ ಜೋಡಣೆ ಬಿಟ್ಟಿರಬಹುದು, ಮನೆಯೊಳಗೇ ಕಪಾಟಿನ ಹಿಂದೆ ತಂತಿ ಮಡಚಿರಬಹುದು. ಗಾಜಿನೆಳೆಯನ್ನು ಬಿಗಿಯಾಗಿ ಮಡಚಿದರೆ ಬೆಳಕು ತಿರುವಿನಲ್ಲಿ ಸೋರಿಹೋಗುತ್ತದೆ. ಮಡಿಕೆಯಿದ್ದರೆ ಮೆಲ್ಲಗೆ ಬಿಡಿಸಿ. ಬಿಚ್ಚಿದ ತಂತಿಯ ತುದಿಯನ್ನು ಮಾತ್ರ ಕಣ್ಣಿನ ಹತ್ತಿರ ಹಿಡಿದು ನೋಡಬೇಡಿ. ಅದರಲ್ಲಿ ಹರಿಯುವುದು ಕಣ್ಣಿಗೆ ಕಾಣದ ಅವಕೆಂಪು ಲೇಸರ್. ಕಾಣುವುದಿಲ್ಲ ಎಂದ ಮಾತ್ರಕ್ಕೆ ಅಪಾಯ ಇಲ್ಲವೆಂದಲ್ಲ.

ಎಲ್.ಓ.ಎಸ್. ದೀಪ ಆರಿದ್ದು, ಪಿ.ಓ.ಎನ್. ದೀಪ ಹಸಿರಾಗಿ ಸ್ಥಿರವಾಗಿ ಉರಿಯುತ್ತಿದ್ದರೆ ತಂತಿ ಸರಿಯಾಗಿದೆ. ಆಗಲೂ ಇಂಟರ್ನೆಟ್ ಎಂದು ಬರೆದ ದೀಪ ಆರಿದ್ದರೆ, ಅಥವಾ ಕೆಂಪಾಗಿದ್ದರೆ, ಬಹಳ ಸಲ ಕಾರಣ ತೀರ ಸರಳ: ತಿಂಗಳ ಹಣ ಕಟ್ಟುವುದು ಬಾಕಿಯಿದೆ. ಹಣ ಕಟ್ಟಿದ್ದರೆ ಪೆಟ್ಟಿಗೆಯ ವಿದ್ಯುತ್ ಆರಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಹಾಕಿ. ಫೈಬರ್ ಪೆಟ್ಟಿಗೆ, ರೂಟರ್ ಎರಡೂ ಬೇರೆ ಬೇರೆ ಇದ್ದರೆ ಮೊದಲು ಫೈಬರ್ ಪೆಟ್ಟಿಗೆ, ಅದರ ದೀಪಗಳು ಸ್ಥಿರವಾದ ಮೇಲೆ ರೂಟರ್. ಕರೆಂಟು ಹೋಗಿ ಬಂದಾಗ ಎರಡೂ ಒಟ್ಟಿಗೆ ಎಚ್ಚರಗೊಂಡು ಒಂದಕ್ಕೊಂದು ಹೊಂದಿಕೊಳ್ಳದೆ ಕುಳಿತಿರುವುದುಂಟು. ಇಲ್ಲಿ ಒಂದು ಎಚ್ಚರಿಕೆ: ಪೆಟ್ಟಿಗೆಯ ಹಿಂದೆ ಸೂಜಿ ಚುಚ್ಚುವಷ್ಟು ಸಣ್ಣ ರಂಧ್ರದಲ್ಲಿ ರೀಸೆಟ್ ಗುಂಡಿ ಇರುತ್ತದೆ. ಅದನ್ನು ಒತ್ತಬೇಡಿ. ಒತ್ತಿದರೆ ಕಂಪನಿಯವರು ತುಂಬಿಸಿದ ಹೆಸರು, ಗುಪ್ತಪದ ಎಲ್ಲ ಅಳಿಸಿಹೋಗಿ, ಅರ್ಧ ಗಂಟೆಯ ತೊಂದರೆ ಮೂರು ದಿನದ ತೊಂದರೆಯಾಗುತ್ತದೆ.

ಈಗ ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ಒಂದು ಹಳ್ಳಿಯನ್ನು ಯೋಚಿಸಿ. ಮನೆಯಲ್ಲಿ ರೂಟರ್ ಇಲ್ಲ. ಅಣ್ಣನ ಫೋನಿನ ಹಾಟ್‌ಸ್ಪಾಟ್ ಹಿಡಿದು ತಂಗಿ ಲ್ಯಾಪ್‌ಟಾಪಿನಲ್ಲಿ ಅರ್ಜಿ ತುಂಬುತ್ತಾಳೆ. ಇಲ್ಲಿ ರೂಟರಿನ ಕೆಲಸವನ್ನು ಫೋನೇ ಮಾಡುತ್ತದೆ. ಫೋನು ಲ್ಯಾಪ್‌ಟಾಪಿನ ಪಕ್ಕದಲ್ಲೇ ಇರುವುದರಿಂದ ವೈ-ಫೈ ಗುರುತು ತುಂಬಿಕೊಂಡೇ ಕಾಣುತ್ತದೆ. ಆದರೆ ಆ ಗುರುತು ಫೋನಿಗೂ ಲ್ಯಾಪ್‌ಟಾಪಿಗೂ ನಡುವಿನ ಸಂಬಂಧವನ್ನಷ್ಟೇ ಹೇಳುತ್ತದೆ, ಫೋನಿಗೂ ಟವರಿಗೂ ಇರುವ ಸಂಬಂಧವನ್ನಲ್ಲ. ಆದ್ದರಿಂದ ಮೊದಲು ಫೋನಿನಲ್ಲೇ ಒಂದು ಹೊಸ ಪುಟ ತೆರೆದು ನೋಡಬೇಕು. ದಿನದ ಡೇಟಾ ಮುಗಿದಿದ್ದರೆ ಹಲವು ಯೋಜನೆಗಳಲ್ಲಿ ವೇಗ ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಯುತ್ತದೆ. ಫೋನಿನಲ್ಲಿ ಅಕ್ಷರದ ಸಂದೇಶ ಹೇಗೋ ಹೋಗುತ್ತದೆ, ಸರ್ಕಾರಿ ಅರ್ಜಿಯ ಪುಟ ಮಾತ್ರ ತೆರೆಯುವುದೇ ಇಲ್ಲ. ಅದೂ ಅಲ್ಲದೆ, ಲ್ಯಾಪ್‌ಟಾಪು ತಾನು ವೈ-ಫೈ ಮೇಲಿದ್ದೇನೆಂದು ನಂಬಿ ಹಿನ್ನೆಲೆಯಲ್ಲಿ ದೊಡ್ಡ ದೊಡ್ಡ ಅಪ್‌ಡೇಟುಗಳನ್ನು ಇಳಿಸಿಕೊಳ್ಳಲು ತೊಡಗಬಹುದು. ಬೆಳಿಗ್ಗೆ ಇದ್ದ ಡೇಟಾ ಮಧ್ಯಾಹ್ನಕ್ಕೆ ಖಾಲಿ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಆ ವೈ-ಫೈ ಹೆಸರಿನ ಗುಣಗಳಲ್ಲಿ ‘ಮೀಟರ್ಡ್ ಕನೆಕ್ಷನ್’ ಎಂಬುದನ್ನು ಆನ್ ಮಾಡಿಟ್ಟರೆ ಈ ಸೋರಿಕೆ ಬಹುಮಟ್ಟಿಗೆ ನಿಲ್ಲುತ್ತದೆ.

ಫೋನಿನಲ್ಲಿ ಅದೇ ವೈ-ಫೈ ಮೂಲಕ ಎಲ್ಲ ಸರಿಯಾಗಿ ಬರುತ್ತಿದೆ, ಲ್ಯಾಪ್‌ಟಾಪಿನಲ್ಲಿ ಮಾತ್ರ ಇಲ್ಲ ಎಂದಾದರೆ ಈಗ ಲ್ಯಾಪ್‌ಟಾಪಿನ ಸರದಿ.

ಮೊದಲು ದಿನಾಂಕ ನೋಡಿ. ಬಹಳ ದಿನ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಲ್ಯಾಪ್‌ಟಾಪಿನ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ. ಸುರಕ್ಷಿತ ತಾಣಗಳೆಲ್ಲ ಪ್ರಮಾಣಪತ್ರ ತೋರಿಸುತ್ತವೆ, ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಗಡಿಯಾರ ತಪ್ಪಿದ್ದರೆ ಲ್ಯಾಪ್‌ಟಾಪು ಆ ಪತ್ರವನ್ನು ನಂಬದೆ ಬಾಗಿಲು ಹಾಕಿಬಿಡುತ್ತದೆ. ದಿನಾಂಕ ಸರಿಪಡಿಸಿದರೆ ಸಾಕು.

ಎರಡನೆಯದಾಗಿ, ವೈ-ಫೈ ಪಟ್ಟಿಯಲ್ಲಿ ಆ ಹೆಸರನ್ನು ‘ಫರ್ಗೆಟ್’ ಮಾಡಿ, ಗುಪ್ತಪದ ಕೊಟ್ಟು ಮತ್ತೆ ಸೇರಿಸಿ. ರೈಲು ನಿಲ್ದಾಣದಂಥ ಸಾರ್ವಜನಿಕ ಸ್ಥಳದ ವೈ-ಫೈ ಆದರೆ, ಬ್ರೌಸರಿನಲ್ಲಿ ಪುಟವೊಂದು ತೆರೆದು, ಮೊಬೈಲ್ ಸಂಖ್ಯೆ ಮತ್ತು ಒ.ಟಿ.ಪಿ. ಕೊಡುವವರೆಗೆ ಇಂಟರ್ನೆಟ್ ಬಿಡುವುದಿಲ್ಲ. ಅದು ದೋಷವಲ್ಲ, ಕಾವಲು.

ಮೂರನೆಯದು ಸ್ವಲ್ಪ ಆಳದ ಪರೀಕ್ಷೆ. ಹೆದರಬೇಡಿ, ಇದರಿಂದ ಏನೂ ಕೆಡುವುದಿಲ್ಲ. ವಿಂಡೋಸ್ ಗುರುತಿನ ಕೀಲಿಯ ಜೊತೆ ಆರ್ ಅಕ್ಷರ ಒತ್ತಿ, ಸಿ, ಎಂ, ಡಿ ಎಂಬ ಮೂರು ಅಕ್ಷರ ಬರೆದು ಎಂಟರ್ ಒತ್ತಿ. ಕಪ್ಪು ಕಿಟಕಿಯೊಂದು ತೆರೆಯುತ್ತದೆ. ಅದರಲ್ಲಿ ‘ಐಪಿಕಾನ್ಫಿಗ್’ ಎಂದು ಒಂದೇ ಪದವಾಗಿ ಬರೆಯಿರಿ. ವೈ-ಫೈ ಎಂಬ ಭಾಗದಲ್ಲಿ ನಿಮ್ಮ ಲ್ಯಾಪ್‌ಟಾಪಿನ ವಿಳಾಸ ಸಂಖ್ಯೆಗಳಲ್ಲಿ ಕಾಣುತ್ತದೆ. ಅದು 192.168 ಎಂದು ಶುರುವಾದರೆ ಸಾಮಾನ್ಯವಾಗಿ ರೂಟರು ಮನೆಯ ವಿಳಾಸ ಕೊಟ್ಟಿದೆ ಎಂದು ತಿಳಿಯಿರಿ. 169.254 ಎಂದು ಶುರುವಾದರೆ ಯಾರೂ ವಿಳಾಸ ಕೊಡದೆ, ಲ್ಯಾಪ್‌ಟಾಪು ತಾನೇ ಒಂದನ್ನು ಕಲ್ಪಿಸಿಕೊಂಡಿದೆ. ವಿಳಾಸವಿಲ್ಲದವನಿಗೆ ಅಂಚೆ ಬರುವುದು ಹೇಗೆ? ರೂಟರ್ ಆರಿಸಿ ಹಾಕಿ. ಆಮೇಲೂ ಹಾಗೇ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಐ.ಪಿ. ವಿಳಾಸ ‘ಆಟೋಮ್ಯಾಟಿಕ್’ ಎಂದಿದೆಯೇ ನೋಡಿ. ಕಚೇರಿಯಲ್ಲೋ ಕಾಲೇಜಿನಲ್ಲೋ ಬಳಸಿದ ಲ್ಯಾಪ್‌ಟಾಪಿನಲ್ಲಿ ಅಲ್ಲಿನ ವಿಳಾಸ ಹಾಗೇ ಉಳಿದಿರುತ್ತದೆ.

ವಿಳಾಸ ಸರಿಯಿದ್ದರೆ ಅದೇ ಕಿಟಕಿಯಲ್ಲಿ ‘ಪಿಂಗ್’ ಎಂದು ಬರೆದು, ಜಾಗ ಬಿಟ್ಟು, ‘ಡೀಫಾಲ್ಟ್ ಗೇಟ್‌ವೇ’ ಎದುರಿಗೆ ಕಾಣುವ ಸಂಖ್ಯೆ ಬರೆಯಿರಿ. ಪಿಂಗ್ ಎಂದರೆ ಬಾವಿಯೊಳಗೆ ಕೂಗು ಹಾಕಿ ಮಾರ್ದನಿ ಕೇಳಿದ ಹಾಗೆ. ಉತ್ತರ ಬಂದರೆ ರೂಟರಿನವರೆಗೆ ದಾರಿ ಸರಿಯಿದೆ. ಆಮೇಲೆ ಪಿಂಗ್ 8.8.8.8 ಎಂದು ಬರೆಯಿರಿ. ಇದು ಗೂಗಲ್ ಕಂಪನಿಯ ಸಾರ್ವಜನಿಕ ಗಣಕದ ವಿಳಾಸ. ಇಲ್ಲಿಂದಲೂ ಉತ್ತರ ಬಂದರೆ ನೀವು ಹೊರಜಗತ್ತನ್ನು ಮುಟ್ಟಿದ್ದೀರಿ. ಇಷ್ಟಾದರೂ ಹೆಸರು ಬರೆದ ಯಾವ ತಾಣವೂ ತೆರೆಯುವುದಿಲ್ಲವೇ? ಹಾಗಾದರೆ ದೋಷ ಹೆಸರು ಹುಡುಕುವ ವ್ಯವಸ್ಥೆಯಲ್ಲಿರಬಹುದು. ತಾಣದ ಹೆಸರನ್ನು ಸಂಖ್ಯೆಯಾಗಿ ಬದಲಿಸಿಕೊಡುವ ಈ ವ್ಯವಸ್ಥೆಗೆ ಡಿ.ಎನ್.ಎಸ್. ಎನ್ನುತ್ತಾರೆ, 1983ರಲ್ಲಿ ರೂಪುಗೊಂಡ ಇದನ್ನು ಇಂಟರ್ನೆಟ್ಟಿನ ದೂರವಾಣಿ ಕೈಪಿಡಿ ಎನ್ನಬಹುದು. ವೈ-ಫೈ ಸೆಟ್ಟಿಂಗ್ಸ್‌ನಲ್ಲಿ ಡಿ.ಎನ್.ಎಸ್. ಎಂಬಲ್ಲಿ 8.8.8.8 ಅಥವಾ 1.1.1.1 ಎಂದು ತುಂಬಿದರೆ ಬೇರೆ ಕೈಪಿಡಿ ಸಿಕ್ಕಂತಾಗುತ್ತದೆ.

ಅದಕ್ಕೂ ಬಗ್ಗದಿದ್ದರೆ ‘ಪ್ರಾಕ್ಸಿ’ ಎಂಬುದು ಆನ್ ಆಗಿದೆಯೇ, ವಿ.ಪಿ.ಎನ್. ತಂತ್ರಾಂಶ ಓಡುತ್ತಿದೆಯೇ ನೋಡಿ ಆರಿಸಿ. ಕಡೆಯ ಉಪಾಯ ‘ನೆಟ್‌ವರ್ಕ್ ರೀಸೆಟ್’. ಅದು ಉಳಿಸಿಟ್ಟ ವೈ-ಫೈ ಗುಪ್ತಪದಗಳನ್ನು ಅಳಿಸುತ್ತದೆ, ಮೊದಲೇ ಬರೆದಿಟ್ಟುಕೊಳ್ಳಿ. ಆದರೆ ನಿಮ್ಮ ಕಡತಗಳನ್ನು ಅದು ಮುಟ್ಟುವುದಿಲ್ಲ. ಫಾರ್ಮ್ಯಾಟ್ ಮಾಡಿಸುವ ಮಾತು ಇದೆಲ್ಲ ಆದ ಮೇಲೆ.

ಇನ್ನು ಜೇವರ್ಗಿಯ ಕಡೆಯ ಗ್ರಾಮ ಪಂಚಾಯಿತಿಯ ಕಚೇರಿಗೆ ಬರೋಣ. ಗ್ರಾಮ ಪಂಚಾಯಿತಿಗಳಿಗೆ ಗಾಜಿನೆಳೆ ಒಯ್ಯುವ ಕೇಂದ್ರ ಯೋಜನೆಗೆ 2011ರಲ್ಲಿ ಒಪ್ಪಿಗೆ ದೊರೆಯಿತು, ಮುಂದೆ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ಕಚೇರಿಯಲ್ಲಿ ಪೆಟ್ಟಿಗೆ ಇದೆ, ವೈ-ಫೈ ಇದೆ, ಆದರೂ “ಸರ್ವರ್ ಇಲ್ರಿ” ಎಂಬ ಮಾತು ಬಂದರೆ ನೀವು ಜಗಳವಾಡಬೇಕಿಲ್ಲ. “ಬೇರೆ ಯಾವುದಾದರೂ ಪುಟ ತೆರಿತದೇನ್ರಿ?” ಎಂದು ವಿನಯದಿಂದ ಕೇಳಿ. ಬೇರೆ ತಾಣಗಳು ತೆರೆದು, ಅರ್ಜಿಯ ತಾಣ ಒಂದೇ ತೆರೆಯದಿದ್ದರೆ ಆಗ ಮಾತ್ರ ಅದು ನಿಜವಾಗಿ ಸರ್ವರಿನ ತೊಂದರೆ. ಕೊನೆಯ ದಿನ ಹತ್ತಿರ ಬಂದಾಗ ಸಾವಿರಾರು ಜನ ಒಮ್ಮೆಲೇ ನುಗ್ಗುವುದರಿಂದ ಹೀಗಾಗುತ್ತದೆ. ರಾತ್ರಿ ತಡವಾಗಿ ಅಥವಾ ಬೆಳಗಿನ ಜಾವ ಪ್ರಯತ್ನಿಸಿದರೆ ದಾರಿ ತೆರವಾಗಿರಬಹುದು. ಪುಟ ತೆರೆಯದ ಪರದೆಯ ಫೋಟೋವನ್ನು ದಿನಾಂಕ, ಸಮಯ ಕಾಣುವಂತೆ ತೆಗೆದಿಟ್ಟುಕೊಳ್ಳಿ. ಅವಧಿ ತಪ್ಪಿದಾಗ ಮನವಿಯ ಜೊತೆ ಲಗತ್ತಿಸಲು ಅದೊಂದು ಆಧಾರ. ಯಾವ ತಾಣವೂ ತೆರೆಯದಿದ್ದರೆ ಅದು ಸರ್ವರಿನ ತೊಂದರೆಯಲ್ಲ, ಆ ಕಚೇರಿಯ ಸಂಪರ್ಕದ ತೊಂದರೆ. ನಾಳೆ ತಾನಾಗಿಯೇ ಸರಿಹೋಗುತ್ತದೆಂಬ ಭರವಸೆ ಇಲ್ಲ, ಯಾರಾದರೂ ದೂರು ಬರೆಸಲೇಬೇಕು.

ದೂರು ಕೊಡುವಾಗ ‘ನೆಟ್ ಬರವಲ್ದು’ ಎಂದಷ್ಟೇ ಹೇಳಬೇಡಿ. “ಎಲ್.ಓ.ಎಸ್. ಕೆಂಪು ಇದೆ, ಬೆಳಿಗ್ಗೆ 10 ಗಂಟೆಯಿಂದ” ಎನ್ನಿ. ಅಥವಾ “ಪಿ.ಓ.ಎನ್. ಹಸಿರು ಇದೆ, ಹಣ ಕಟ್ಟಿದ್ದೇನೆ, ಫೋನಿನಲ್ಲೂ ಬರುತ್ತಿಲ್ಲ” ಎನ್ನಿ. ಕೇಳುವವರಿಗೆ ತಂತಿಯವನನ್ನು ಕಳಿಸಬೇಕೋ, ತಮ್ಮಲ್ಲೇ ಸರಿಪಡಿಸಬೇಕೋ ಎಂಬುದು ಆಗಲೇ ತಿಳಿಯುತ್ತದೆ. ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ನಿಮ್ಮ ನೆಟ್ ಸರಿಪಡಿಸುತ್ತೇವೆ ಎಂದು ತಾವಾಗಿಯೇ ಫೋನ್ ಮಾಡಿ, ಯಾವುದೋ ಆ್ಯಪ್ ಹಾಕಿಸಿ, ಬ್ಯಾಂಕಿನ ಒ.ಟಿ.ಪಿ. ಕೇಳುವವರನ್ನು ಮಾತ್ರ ನಂಬಬೇಡಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆಮಾಡಿ.

ಹೀಗೆ ಲ್ಯಾಪ್‌ಟಾಪು, ಮನೆಯ ಪೆಟ್ಟಿಗೆ, ಹೊರಗಿನ ಸಂಪರ್ಕ, ದೂರದ ಸರ್ವರ್, ಈ ನಾಲ್ಕರಲ್ಲಿ ತಪ್ಪು ಎಲ್ಲಿದೆಯೆಂದು ಹತ್ತು ನಿಮಿಷದಲ್ಲಿ ಬೇರ್ಪಡಿಸಬಹುದು. ನಮ್ಮ ಹಳ್ಳಿಗಳ ಮಕ್ಕಳು ಇದನ್ನು ಕಲಿತರೆ ಎಷ್ಟೋ ಜನರಿಗೆ ತಾಲ್ಲೂಕಿಗೆ ವೃಥಾ ಎರಡನೆಯ ಸಲ ಅಲೆಯುವುದು ತಪ್ಪುತ್ತದೆ. ಈ ಪುಟವನ್ನು ಕತ್ತರಿಸಿ ರೂಟರಿನ ಪಕ್ಕದ ಗೋಡೆಗೆ ಅಂಟಿಸಿಡಿ. ಇಂಟರ್ನೆಟ್ ಇಲ್ಲದ ಹೊತ್ತಿನಲ್ಲಿ ಓದಲು ಸಿಗುವುದು ಕಾಗದದ ಮೇಲಿನ ಅಕ್ಷರವೇ ತಾನೆ?