ಮೃಗಾಲಯದ ಸಿಂಗಳೀಕ, ನಮ್ಮ ಬೆಟ್ಟದ ಉಪ್ಪಾಗೆ

(ಶಾಲಾ ಪೋಷಕರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಚಿಕ್ಕ ಮಕ್ಕಳನ್ನು ಮೈಸೂರಿನ ಮೃಗಾಲಯಕ್ಕೆ ಕರೆದೊಯ್ಯುವ ಮುನ್ನ ಪೋಷಕರಿಗೆ ನಾಲ್ಕು ಮಾತು ಹೇಳಬೇಕೆಂದು ಶಿಕ್ಷಕರು ಕೇಳಿಕೊಂಡಿದ್ದಾರೆ. ಪ್ರಾಣಿಗಳನ್ನು ಕೂಡಿಹಾಕುವುದು ಸರಿಯೇ ಎಂದು ನಮ್ಮ ಬಳಗದ ಕೆಲವರು ಕೇಳುತ್ತಾರೆ. ಅದು ತೂಕದ ಪ್ರಶ್ನೆ; ಇಂದು ಅದನ್ನು ಎತ್ತಿಕೊಳ್ಳುವುದಿಲ್ಲ. ಮಕ್ಕಳು ಹೇಗೂ ಹೋಗಿಯೇ ಹೋಗುತ್ತಾರೆ. ಹೋದಾಗ ಏನನ್ನು ನೋಡುತ್ತಾರೆ ಎಂಬುದಷ್ಟೇ ನನ್ನ ವಿಷಯ.

ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1892ರಲ್ಲಿ, ಅರಮನೆಯ ಮೃಗಾಲಯವಾಗಿ ಆರಂಭವಾದ ಆ ಸಂಸ್ಥೆಗೆ 1909ರಲ್ಲಿ ಅವರದೇ ಹೆಸರು ಬಂದಿತು. ಅಂದಿನ ಉದ್ದೇಶ ಅರಸುಮನೆತನದ ಸಂತೋಷ. ಕೇಂದ್ರ ಮೃಗಾಲಯ ಪ್ರಾಧಿಕಾರವು 1992ರಲ್ಲಿ ರಚನೆಯಾದ ಮೇಲೆ ಅಳಿವಿನಂಚಿನ ಜೀವಿಗಳ ಸಂರಕ್ಷಣೆ, ಸಂತಾನಾಭಿವೃದ್ಧಿ, ಜನಶಿಕ್ಷಣ ಎಂಬ ಮಾತುಗಳು ಮುಂದೆ ಬಂದವು. ಶಿಕ್ಷಣದ ಪಾಲಿನಲ್ಲಿ ಅರ್ಧ ಹೊಣೆ ಮಗುವಿನ ಕೈಹಿಡಿದು ನಡೆಯುವವರದು.

ನನ್ನ ಇಬ್ಬರು ಮಕ್ಕಳು ಐದು ಮತ್ತು ಎಂಟು ವರ್ಷದವರಿದ್ದಾಗ ತಾಳಗುಪ್ಪದ ರಾತ್ರಿ ರೈಲಿನಲ್ಲಿ ಅವರನ್ನು ಕರೆದೊಯ್ದಿದ್ದೆ. ಮಂಗಳವಾರ ಅಲ್ಲಿ ರಜೆ. ಇದನ್ನು ಮರೆತು ಬಾಗಿಲಿಂದ ಹಿಂದಿರುಗುವ ಮಲೆನಾಡಿಗರು ಪ್ರತಿ ವರ್ಷವೂ ಇರುತ್ತಾರೆ. ಒಳಗೆ ನಡೆಯುವ ದಾರಿ ಬಹು ದೂರದ್ದು. ಮಕ್ಕಳ ಕಾಲಿನ ಶಕ್ತಿ ಮುಗಿಯುವ ಮೊದಲೇ ನೋಡಬೇಕಾದದ್ದನ್ನು ನೋಡಬೇಕು. ಅದಕ್ಕಾಗಿ ಐದಾರು ಪ್ರಾಣಿಗಳನ್ನು ಮನೆಯಲ್ಲೇ ಆರಿಸಿಕೊಂಡು ಹೋಗುವುದು ಉತ್ತಮ. ಎಲ್ಲವನ್ನೂ ತೋರಿಸುತ್ತೇನೆಂದು ಎಳೆದಾಡಿದರೆ ಕೊನೆಗೆ ಮಗುವಿಗೆ ನೆನಪುಳಿಯುವುದು ಐಸ್‌ಕ್ರೀಮ್ ಮಾತ್ರ.

ಹುಲಿಯ ಆವರಣದ ಮುಂದೆ ಸಣ್ಣವನು ಕೇಳಿದ, “ಅಪ್ಪಾ, ಅದು ಯಾಕೆ ಹೋದಲ್ಲೇ ಹೋಗ್ತಾ ಇದೆ?” ಸುತ್ತಲಿನವರು ಹುಲಿ ಗಸ್ತು ತಿರುಗುತ್ತಿದೆಯೆಂದು ನಕ್ಕರು. ಅದು ಗಸ್ತಲ್ಲ. ಕಾಡಿನಲ್ಲಿ ಬಹು ದೂರ ಸಂಚರಿಸುವ ಮಾಂಸಾಹಾರಿಗಳಲ್ಲೇ ಸೆರೆಯಲ್ಲಿ ಈ ಬಗೆಯ ಅಲೆದಾಟ ಹೆಚ್ಚೆಂದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಐದು ವರ್ಷದವನಿಗೆ ಇಷ್ಟು ಹೇಳಿದೆ: “ಅದಕ್ಕೆ ನಮ್ಮೂರಿನಿಂದ ಪೇಟೆಯವರೆಗೆ ನಡೆಯುವ ಅಭ್ಯಾಸ, ಇಲ್ಲಿ ಜಾಗ ಅಂಗಳದಷ್ಟೇ.” ಅವನು ಬಹಳ ಹೊತ್ತು ಮಾತಾಡಲಿಲ್ಲ. ಮಕ್ಕಳಿಗೆ ಸುಳ್ಳು ಹೇಳಿ ಸಂತೋಷಪಡಿಸುವ ಅಗತ್ಯವಿಲ್ಲವೆಂದು ನನ್ನ ಅಭಿಪ್ರಾಯ.

ಜಿರಾಫೆಯ ಮುಂದೆ ಸಂತೆಯಂತಹ ಜನ. ಜರ್ಮನಿಯಿಂದ 2021ರಲ್ಲಿ ಬಂದ ಗೊರಿಲ್ಲಾಗಳ ಮುಂದೆಯೂ ಹಾಗೆಯೇ. ಸಿಂಗಳೀಕದ ಬಳಿ ಮಾತ್ರ ಯಾರೂ ಎರಡು ನಿಮಿಷ ನಿಲ್ಲುವುದಿಲ್ಲ. “ಮಂಗ, ಬಾ ಬಾ” ಎಂದು ಮುಂದೆ ಸಾಗುತ್ತಾರೆ. ತೋಟಕ್ಕೆ ಬಂದು ಬಾಳೆ, ಏಲಕ್ಕಿ, ಎಳೆ ಅಡಿಕೆಯನ್ನು ಹಾಳುಮಾಡುವ ಮಂಗನ ಕಾಟವುಂಡ ನಮಗೆ ಆ ಹೆಸರೇ ಬೇಸರ. ಕವಣೆ ಹಿಡಿದು ಬೆಳೆದ ನಮ್ಮ ಮಕ್ಕಳು ಮಂಗನನ್ನು ನೋಡಲು ಟಿಕೆಟ್ ಕೊಳ್ಳುವುದೇ ಒಂದು ವಿನೋದ. ಆದರೆ ಇದು ಆ ಮಂಗನಲ್ಲ. ಕಪ್ಪು ಮೈ, ಮುಖದ ಸುತ್ತ ಬೂದುಬಣ್ಣದ ಕೇಸರ, ಸಿಂಹದ ಬಾಲದಂತೆ ತುದಿಯಲ್ಲಿ ಕುಚ್ಚು. ಪಶ್ಚಿಮ ಘಟ್ಟದ ಹೊರಗೆ ಲೋಕದ ಯಾವ ಕಾಡಿನಲ್ಲಿಯೂ ಇದಿಲ್ಲ. ನಿತ್ಯಹರಿದ್ವರ್ಣ ಕಾಡಿನ ಮೇಲ್ಚಾವಣಿಯಲ್ಲೇ ಇದರ ಬಹುಪಾಲು ಬದುಕು. ರಸ್ತೆಗೋ ತೋಟಕ್ಕೋ ಮರಗಳ ಸಾಲು ತುಂಡಾದರೆ ಹಿಂಡೇ ಎರಡಾಗುತ್ತದೆ. ಹೆಣ್ಣು ಒಮ್ಮೆಗೆ ಒಂದೇ ಮರಿ ಹಾಕುತ್ತದೆ, ಅದೂ ವರ್ಷಗಳ ಅಂತರದಲ್ಲಿ. ಕಳೆದುಹೋದ ಸಂಖ್ಯೆ ಬೇಗ ತುಂಬಿಬರುವುದಿಲ್ಲ.

ಅಲ್ಲಿ ನಾವು ಅರ್ಧ ಗಂಟೆ ಕುಳಿತೆವು. ಮಗಳು ಫಲಕ ಓದಿ, “ಹಣ್ಣು ತಿಂತದಂತೆ, ಯಾವ ಹಣ್ಣು?” ಎಂದಳು. ಈ ಪ್ರಶ್ನೆಗೆ ಉತ್ತರ ಮೈಸೂರಿನಲ್ಲಿಲ್ಲ, ನಮ್ಮಲ್ಲಿದೆ. ಸಿರ್ಸಿ–ಹೊನ್ನಾವರ ಘಟ್ಟದ ಸಿಂಗಳೀಕಗಳ ಆಹಾರದಲ್ಲಿ ಉಪ್ಪಾಗೆಗೆ ದೊಡ್ಡ ಸ್ಥಾನವಿದೆ. ಅದೇ ಉಪ್ಪಾಗೆಯನ್ನು ಮಳೆಗಾಲದಲ್ಲಿ ನಾವೂ ಕೊಯ್ಯುತ್ತೇವೆ. ತೂಕ ಇಳಿಸುವ ಔಷಧಿಗೆ ಬೇಕಾದ ಆಮ್ಲ ಇದರ ಸಿಪ್ಪೆಯಲ್ಲಿದೆಯೆಂದು 1990ರ ದಶಕದಲ್ಲಿ ಹೊರದೇಶಗಳಿಂದ ಬೇಡಿಕೆ ಬಂದಿತು. ಅಂದಿನಿಂದ ಪೈಪೋಟಿ ಆರಂಭ. ನಾವು ಬಿಟ್ಟರೆ ಇನ್ನೊಬ್ಬ ಕೊಯ್ದಾನೆಂದು ಕಾಯನ್ನೇ ಇಳಿಸುವುದು, ಟೊಂಗೆ ಕಡಿಯುವುದು, ಸಿಪ್ಪೆ ಒಣಗಿಸಲು ಅದೇ ಕಾಡಿನ ಸೌದೆ ಉರಿಸುವುದು. ಮಾಗುವ ಮೊದಲೇ ಮರ ಬರಿದಾದರೆ ಸಿಂಗಳೀಕಕ್ಕೂ ಹಣ್ಣಿಲ್ಲ, ಮುಂದಿನ ಸಸಿಗೆ ಬೀಜವೂ ಇಲ್ಲ.

ಕೊಯ್ಯುವ ಕುಟುಂಬವನ್ನು ನಾನು ದೂರಲಾರೆ. ಅನೇಕರಿಗೆ ಮಳೆಗಾಲದ ನಗದೆಂದರೆ ಅದೊಂದೇ. ಅಘನಾಶಿನಿ ಕಣಿವೆಯು 2011ರಲ್ಲಿ ಸಿಂಗಳೀಕ ಸಂರಕ್ಷಣಾ ಮೀಸಲಾಯಿತು. 2019ರಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದ ಘೋಷಣೆಯೂ ಆಯಿತು. ಘೋಷಣೆಯಿಂದ ಮರದಲ್ಲಿ ಹಣ್ಣು ಉಳಿಯುವುದಿಲ್ಲ. ಕೃಷಿ ವಿಜ್ಞಾನದ ಕಡೆಯಿಂದ ಸಾಧ್ಯವಾದದ್ದೊಂದಿದೆ. ಉಪ್ಪಾಗೆಯಲ್ಲಿ ಗಂಡು, ಹೆಣ್ಣು ಮರಗಳು ಬೇರೆ ಬೇರೆ. ಬೀಜದ ಸಸಿ ಹತ್ತು ವರ್ಷ ಕಾಯಿಸಿ ಕೊನೆಗೆ ಗಂಡೆಂದು ತಿಳಿಯಬಹುದು. ಹೆಣ್ಣು ಮರದ ಕುಡಿಯಿಂದ ಕಸಿ ಕಟ್ಟಿದರೆ ಆ ಸಂದೇಹವಿಲ್ಲ, ಫಸಲೂ ಬೇಗ. ನಿಮ್ಮ ಸೊಪ್ಪಿನ ಬೆಟ್ಟದಲ್ಲಿ ಹತ್ತು ಕಸಿಗಿಡ ಬೆಳೆದರೆ ಕಾಡಿನ ಮರದ ಮೇಲಿನ ಒತ್ತಡ ಅಷ್ಟರಮಟ್ಟಿಗೆ ತಗ್ಗುತ್ತದೆ. ಪರಾಗಕ್ಕಾಗಿ ಗಂಡು ಮರಗಳನ್ನು ಮಾತ್ರ ಕಡಿಯಬೇಡಿ.

ಪ್ರವಾಸದ ದಿನ ಗಾಜು ಬಡಿಯುವುದು, ತಿಂಡಿ ಎಸೆಯುವುದು ಬೇಡವೆಂದು ಮಕ್ಕಳಿಗೆ ಮೊದಲೇ ಹೇಳಿ. ನೀರಿನ ಬಾಟಲಿ, ಒಂದು ನೋಟುಪುಸ್ತಕ ಸಾಕು. ಹೈಸ್ಕೂಲಿನ ವಿದ್ಯಾರ್ಥಿಗಳಿಗೆ ಬೇರೆ ಕೆಲಸವಿದೆ. ಬರುವ ಮಳೆಗಾಲದಲ್ಲಿ ಮನೆಯವರೊಂದಿಗೆ ಉಪ್ಪಾಗೆಗೆ ಹೋದಾಗ ಸಿಂಗಳೀಕ ಬರುವ ಮರಗಳು ಯಾವುವೆಂದು ಕೇಳಿ ಗುರುತು ಹಾಕಿಕೊಳ್ಳಿ. ಕೊಯ್ಯುವವರಿಗೆ ಅದು ಚೆನ್ನಾಗಿ ತಿಳಿದಿದೆ. ಈವರೆಗೆ ಅವರನ್ನು ಯಾರೂ ಕೇಳಿಲ್ಲ, ಅಷ್ಟೇ. ಪಟ್ಟಿ ಸಿದ್ಧವಾದ ಮೇಲೆ ಗ್ರಾಮ ಅರಣ್ಯ ಸಮಿತಿಯ ಸಭೆಯಲ್ಲಿ ಇಟ್ಟು, ಆ ಮರಗಳ ಕೊಯ್ಲನ್ನು ಹಣ್ಣಾಗುವವರೆಗೆ ತಡೆಹಿಡಿಯಬಹುದೇ ಎಂದು ಚರ್ಚಿಸೋಣ.