ಕಂಪ್ಯೂಟರಿನಲ್ಲಿ ಕನ್ನಡವಿಲ್ಲವೇ? ಮೊದಲು ಆವೃತ್ತಿ ನೋಡಿ
(ಧಾರೂರಿನ ಪಾಲಕರ ಸಭೆಯಲ್ಲಿ ಆಡಿದ ಮಾತು)



"ಈ ಕಂಪ್ಯೂಟರಿನಲ್ಲಿ ಕನ್ನಡ ಬರುವುದಿಲ್ಲ, ಮಕ್ಕಳು ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಕಲಿಯಲಿ" ಎಂಬ ಮಾತನ್ನು ಗಡಿಭಾಗದ ನಾವು ಕೇಳುತ್ತಲೇ ಇದ್ದೇವೆ. ಇದು ನಿಜವೋ ನೆಪವೋ ಎಂದು ನೀವೇ ಪರೀಕ್ಷಿಸಬಹುದು. ಯಂತ್ರವನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. ಅದು ಯಾವುದೆಂದು ತಿಳಿದರೆ ಉತ್ತರ ಸಿಗುತ್ತದೆ.

ಬಹುಪಾಲು ಯಂತ್ರಗಳಲ್ಲಿರುವುದು ವಿಂಡೋಸ್. ಕೀಲಿಮಣೆಯ ಕೆಳಸಾಲಿನಲ್ಲಿ ಕಿಟಕಿಯ ಗುರುತಿರುವ ಕೀಲಿಯನ್ನು ಒತ್ತಿ ಹಿಡಿದು 'ಆರ್' ಒತ್ತಿರಿ. ಚಿಕ್ಕ ಚೌಕಟ್ಟೊಂದು ತೆರೆಯುತ್ತದೆ. ಅದರಲ್ಲಿ ಡಬ್ಲ್ಯೂ, ಐ, ಎನ್, ವಿ, ಇ, ಆರ್ ಎಂಬ ಆರು ಇಂಗ್ಲಿಷ್ ಅಕ್ಷರಗಳನ್ನು ಜಾಗ ಬಿಡದೆ ಬರೆದು ಎಂಟರ್ ಒತ್ತಿರಿ. ವಿಂಡೋಸಿನ ಹೆಸರು, ಆವೃತ್ತಿಯ ಸಂಖ್ಯೆ ಕಾಣುತ್ತವೆ. ಚೀಟಿಯಲ್ಲಿ ಬರೆದುಕೊಳ್ಳಿ.

ವಿಂಡೋಸ್ 98ರ ಕಾಲದಲ್ಲಿ ಕನ್ನಡಕ್ಕೆ ಬರಹದಂಥ ಬೇರೆ ತಂತ್ರಾಂಶ ಬೇಕಿತ್ತು. 2001ರಲ್ಲಿ ಬಂದ ಎಕ್ಸ್‌ಪಿಯಿಂದ ಕನ್ನಡದ ಯೂನಿಕೋಡ್ ಅಕ್ಷರಗಳೂ ಕೀಲಿಮಣೆಯೂ ವಿಂಡೋಸಿನೊಡನೆಯೇ ಬಂದಿವೆ. ಆದ್ದರಿಂದ ನಿಮ್ಮ ಚೀಟಿಯಲ್ಲಿ 7, 10, 11 ಯಾವುದಿದ್ದರೂ ಕನ್ನಡ ಬರೆಯಬಹುದು. 10 ಮತ್ತು 11ರಲ್ಲಿ ಸೆಟ್ಟಿಂಗ್ಸ್ ತೆರೆದು, ಭಾಷೆಯ ವಿಭಾಗದಲ್ಲಿ ಕನ್ನಡವನ್ನು ಸೇರಿಸಬೇಕು, ಅಷ್ಟೇ.

ಶಾಲೆಗೆ ಹಳೆಯ ಯಂತ್ರಗಳನ್ನು ಯಾರಾದರೂ ದಾನ ಕೊಡುವಾಗಲೂ ಈ ಚೀಟಿ ಬೇಕು. ಮೈಕ್ರೋಸಾಫ್ಟ್ ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಭದ್ರತೆಯ ತಿದ್ದುಪಡಿ ಸಿಗದ ಯಂತ್ರವನ್ನು ಇಂಟರ್ನೆಟ್ಟಿಗೆ ಜೋಡಿಸುವುದು ಅಪಾಯ. ಹಾಗೆಂದು ಅದನ್ನು ಮೂಲೆಗೆ ಹಾಕಬೇಕಿಲ್ಲ. ಬೆಲೆಯಿಲ್ಲದೆ ಸಿಗುವ ಲಿನಕ್ಸ್ ಹಾಕಬಹುದು, ಅದರಲ್ಲೂ ಕನ್ನಡವಿದೆ. ಕೇರಳದ ಶಾಲೆಗಳು ಲಿನಕ್ಸನ್ನೇ ಬಳಸುತ್ತವೆ. ಅಲ್ಲಿಯ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕಂಪ್ಯೂಟರಿನ ಪಠ್ಯಪುಸ್ತಕವೂ ಕನ್ನಡದಲ್ಲಿದೆ. ಅಲ್ಲಿ ಆದದ್ದು ಇಲ್ಲೇಕೆ ಆಗಬಾರದು?

1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯ ಪ್ರಕಾರ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು. ಕಂಪ್ಯೂಟರ್ ಎಂಬ ಶಬ್ದ ಅದರಲ್ಲಿಲ್ಲ, ನಿಜ. ಆದರೆ ಪಾಠವೇ ಪರದೆಗೆ ಬಂದ ಮೇಲೆ ಪರದೆಯಲ್ಲಿ ಕನ್ನಡ ಕೇಳುವುದು ನ್ಯಾಯವೇ ಆಗಿದೆ.

ಬರಿಯ ಬಾಯಿಮಾತಿನ ದೂರಿಗೆ ಬೆಲೆ ಕಡಿಮೆ. "ಇಷ್ಟು ಯಂತ್ರಗಳಿವೆ, ಇಂಥ ಆವೃತ್ತಿಯಿದೆ, ಕನ್ನಡ ಸೇರಿಸಿಕೊಡಿ" ಎಂದು ಬರೆದು, ಎಲ್ಲರೂ ಸಹಿ ಮಾಡಿ ಮುಖ್ಯೋಪಾಧ್ಯಾಯರಿಗೆ ಕೊಡಿ. ಒಂದು ಪ್ರತಿ ನಿಮ್ಮಲ್ಲಿರಲಿ.