ಕಾಯಕವೂ ಕಲಾಸ್ಫೂರ್ತಿಯೂ

(ಶ್ರೀಮಠದ ಸುವರ್ಣ ಮಹೋತ್ಸವದ ಶಿವಾನುಭವಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಮಠದ ಸಭೆಯಲ್ಲಿ ವೇಷ, ಉಡುಗೆ, ನಾಟಕ, ಗಾಯನಗಳ ವಿಚಾರವನ್ನೆತ್ತುವುದು ಉಚಿತವೆ ಎಂಬ ಶಂಕೆಯು ಹಿರಿಯರಲ್ಲಿ ಕೆಲವರಿಗೆ ಉಂಟಾಗುವುದು ಸಹಜವು. ಮಗನು ಬಣ್ಣ ಹಚ್ಚಿಕೊಂಡು ರಂಗವನ್ನೇರಿದನೆಂದೋ, ಮಗಳು ಉಡುಪುಗಳ ವಿನ್ಯಾಸವನ್ನೇ ವೃತ್ತಿಯಾಗಿ ಕಲಿಯುವೆನೆಂದು ಹಟ ಹಿಡಿದಳೆಂದೋ ವ್ಯಾಕುಲರಾಗಿ, ಇದರಿಂದ ಮನೆತನಕ್ಕೇನು, ಧರ್ಮಕ್ಕೇನು ಎಂದು ಮಠದ ಮೆಟ್ಟಿಲನ್ನು ಹತ್ತಿ ಬರುವ ತಂದೆತಾಯಿಗಳುಂಟು. ಆ ಪ್ರಶ್ನೆಯನ್ನು ಅವಿವೇಕವೆಂದು ತಳ್ಳಿಬಿಡಲಾಗದು. ಅದರ ಉತ್ತರವನ್ನು ಕಲ್ಯಾಣದ ಶರಣಸಮೂಹದಲ್ಲಿಯೇ ಹುಡುಕತಕ್ಕದ್ದು.

ಆ ಸಮೂಹದಲ್ಲಿ ಉಡುಗೆಯನ್ನೇ ತೊರೆದು ಕೇಶವನ್ನೇ ಹೊದಿಕೆಯಾಗಿಸಿಕೊಂಡ ಅಕ್ಕಮಹಾದೇವಿಗೂ ಸ್ಥಾನವಿತ್ತು. ಪರರ ಉಡುಗೆಯನ್ನು ಹೊಲಿದುಕೊಟ್ಟು ಬಾಳಿದ ಸೂಜಿಕಾಯಕದ ರಾಮಿತಂದೆಗೂ ಸ್ಥಾನವಿತ್ತು. ಊರೂರು ತಿರುಗಿ ವೇಷ ಕಟ್ಟಿದ ಬಹುರೂಪಿ ಚೌಡಯ್ಯ, ಜನರನ್ನು ನಗಿಸುವುದನ್ನೇ ಕಾಯಕವನ್ನಾಗಿ ಮಾಡಿಕೊಂಡ ನಗೆಯ ಮಾರಿತಂದೆ, ಢಕ್ಕೆಯನ್ನು ಬಾರಿಸಿದ ಢಕ್ಕೆಯ ಬೊಮ್ಮಣ್ಣ, ಕಿನ್ನರಿಯನ್ನು ನುಡಿಸಿದ ಕಿನ್ನರಿ ಬ್ರಹ್ಮಯ್ಯ, ಇವರೆಲ್ಲರೂ ವಚನಕಾರರೇ. ವೇಷವನ್ನು ಕಳಚಿ ಬಾ, ಆಮೇಲೆ ಶರಣನಾಗು ಎಂದು ಚೌಡಯ್ಯನಿಗೆ ಯಾರೂ ಹೇಳಲಿಲ್ಲ. ಅವನಾದರೋ ತನ್ನ ಆಟದ ಮಾತಿನಿಂದಲೇ ತತ್ತ್ವವನ್ನು ನುಡಿದನು.

ಹಾಗಾದರೆ ಕಲಾವಿದನಿಗೆ ಸ್ಫೂರ್ತಿಯು ಎಲ್ಲಿಂದ ಬರುತ್ತದೆ? ಮಮ್ಮಟನು ಕಾವ್ಯಪ್ರಕಾಶದಲ್ಲಿ ಶಕ್ತಿ, ನಿಪುಣತೆ, ಅಭ್ಯಾಸ ಎಂದು ಮೂರನ್ನು ಹೇಳಿ, ಇವು ಮೂರು ಕಾರಣಗಳಲ್ಲ, ಮೂರೂ ಕೂಡಿ ಒಂದೇ ಕಾರಣವೆಂದು ಎಚ್ಚರಿಸುತ್ತಾನೆ. ನಿಪುಣತೆಯು ಲೋಕ, ಶಾಸ್ತ್ರ, ಕಾವ್ಯ ಇವುಗಳ ಅವಲೋಕನದಿಂದ ಬರತಕ್ಕದ್ದೆಂಬುದು ಅವನ ಮತ. ಪಾಠಶಾಲೆಗಳಲ್ಲಿ ಈ ಕಾರಿಕೆಯನ್ನು ಬಾಯಿಪಾಠ ಮಾಡದ ವಿದ್ಯಾರ್ಥಿಯಿಲ್ಲ. ಆದರೆ ಲೋಕವೆಂಬ ಮೊದಲನೆಯ ಪದವನ್ನು ಓಡುತ್ತ ದಾಟಿ, ಶಾಸ್ತ್ರಕಾವ್ಯಗಳಲ್ಲಿಯೇ ಬೀಡುಬಿಡುವುದು ರೂಢಿಯಾಗಿದೆ. ಶರಣರು ಆ ಮೊದಲನೆಯ ಪದದಲ್ಲಿಯೇ ನಿಂತರು. ಅವರ ಲೋಕವೆಂದರೆ ದೂರದ ಹಿಮಗಿರಿಯಲ್ಲ, ಕೈಯಲ್ಲಿದ್ದ ಕೆಲಸ.

ಜೇಡರ ದಾಸಿಮಯ್ಯನ ಒಂದು ವಚನವು ಇದಕ್ಕೆ ನಿದರ್ಶನ. ಅದರಲ್ಲಿ ಉಪಮೆಗಳ ಮೆರವಣಿಗೆಯಿಲ್ಲ. ಮಗ್ಗವನ್ನು ಹೂಡುವ ಕ್ರಮವಿದೆ, ಎಳೆಗಳನ್ನು ಸಮಗೊಳಿಸುವ ಮಾತಿದೆ. ನೇಕಾರನಲ್ಲದವನಿಗೆ ಅದರ ಅರ್ಧದಷ್ಟು ಪದಗಳು ತಿಳಿಯವು. ಪಂಡಿತನೂ ನೇಕಾರರ ಓಣಿಗೆ ಹೋಗಿ ಕೇಳಿಯೇ ಅರ್ಥ ಮಾಡಿಕೊಳ್ಳಬೇಕು. ಕಡೆಯಲ್ಲಿ ಮಾತ್ರ ಅವನು ತನ್ನ ರಾಮನಾಥನ ಕಡೆಗೆ ತಿರುಗಿ, ಈ ಸೀರೆಯನ್ನು ನೆಯ್ದವನು ತಾನೋ ದೇವನೋ ಎಂದು ಕೇಳುತ್ತಾನೆ. ಕಸುಬಿನ ವಿವರವನ್ನು ಅಷ್ಟು ಕಟ್ಟುನಿಟ್ಟಾಗಿ ಹೇಳಿದ ಮೇಲೆಯೇ ಆ ಪ್ರಶ್ನೆಗೆ ಬೆಲೆ ಬಂದಿತು. ಮಗ್ಗವನ್ನು ಕಾಣದವನು ಅದೇ ಪ್ರಶ್ನೆಯನ್ನು ಕೇಳಿದ್ದರೆ ಅದು ಬರಿಯ ಅಲಂಕಾರವಾಗುತ್ತಿತ್ತು.

ವಚನವನ್ನು ರಚಿಸದೆಯೂ ಇದೇ ದಾರಿಯಲ್ಲಿ ನಡೆದವರು ಉತ್ತರ ಕರ್ನಾಟಕದ ತಾಯಂದಿರು. ಇಳಕಲ್ಲ ಸೀರೆಯನ್ನು ಉಟ್ಟವರು ಬಹಳ, ನೋಡಿದವರು ಕಡಿಮೆ. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆಯನ್ನು ಕೊಂಡಿ ಹಾಕಿ ಎರಡನ್ನೂ ಜೋಡಿಸಿ ನೇಯುತ್ತಾರೆ. ಅಂತಹ ಸೀರೆಯ ಮೇಲೆ ಹೆಣ್ಣುಮಕ್ಕಳು ಕಸೂತಿ ಹಾಕುವರು. ಮದುವೆಯ ಕರಿಯ ಚಂದ್ರಕಾಳಿ ಸೀರೆಗೆ ಕಸೂತಿಯಿಲ್ಲದಿದ್ದರೆ ಶೋಭೆಯೇ ಇಲ್ಲವೆಂದು ಭಾವಿಸುತ್ತಿದ್ದ ಕಾಲವೊಂದಿತ್ತು. ಗಾವಂತಿ, ಮುರಗಿ, ನೇಯ್ಗಿ, ಮೆಂತಿ ಎಂದು ಅದರ ಹೊಲಿಗೆಗಳು ನಾಲ್ಕು. ಬಟ್ಟೆಯ ಮೇಲೆ ಮೊದಲು ಚಿತ್ರವನ್ನು ಬರೆದುಕೊಳ್ಳುವ ಪದ್ಧತಿ ಇಲ್ಲಿಲ್ಲ. ಎಳೆಗಳನ್ನು ಎಣಿಸುತ್ತ ಹೋಗಬೇಕು, ಗಂಟು ಬೀಳಕೂಡದು, ಗಾವಂತಿಯಲ್ಲಂತೂ ಹೊರಮೈಯೂ ಒಳಮೈಯೂ ಒಂದೇ ರೂಪವಾಗಿ ಕಾಣಬೇಕು. ಒಂದು ಎಳೆಯನ್ನು ತಪ್ಪಿ ಎಣಿಸಿದರೆ ತೇರಿನ ಗಾಲಿಯು ಸೊಟ್ಟಗಾಗುವುದು, ಬಿಚ್ಚದೆ ಗತ್ಯಂತರವಿಲ್ಲ.

ಆ ತಾಯಿಗೆ ಚಿತ್ರಗಳು ಎಲ್ಲಿಂದ ಬಂದವು? ಗೋಪುರ, ತೇರು, ನಂದಿ, ಆನೆ, ಗಿಳಿ, ತೊಟ್ಟಿಲು, ಇವೇ ಅವಳ ಚಿತ್ರಗಳು. ಜಾತ್ರೆಯಲ್ಲಿ ಕಂಡ ತೇರನ್ನು ಕಣ್ಣಲ್ಲಿ ತುಂಬಿಕೊಂಡು ಬಂದು, ಎಳೆಗಳ ಲೆಕ್ಕಕ್ಕೆ ಅದನ್ನು ಬಗ್ಗಿಸಿದಳು. ದುಂಡಗಿನ ಗಾಲಿಯು ನೇರವಾದ ಎಳೆಗಳಲ್ಲಿ ಮೂಡಲಾರದು. ಆದುದರಿಂದ ಅದು ಮೂಲೆಗಳುಳ್ಳ ಗಾಲಿಯಾಯಿತು. ಬಟ್ಟೆಯು ಒಡ್ಡಿದ ಆ ಅಡ್ಡಿಯೇ ಚೆಲುವಿಗೆ ಕಾರಣವಾಯಿತೆಂಬುದನ್ನು ಇಂದಿನ ವಿನ್ಯಾಸಕಾರರು ಗಮನಿಸತಕ್ಕದ್ದು. ಯಂತ್ರದಿಂದ ಅಚ್ಚೊತ್ತಿದ ಕಸೂತಿಯ ಚಿತ್ರದಲ್ಲಿ ತೇರು ಉಳಿದಿರಬಹುದು, ಎಣಿಕೆಯು ಉಳಿಯಲಿಲ್ಲ.

ಪರರದನ್ನು ನೋಡಲೇಬಾರದೆಂದು ಇದರ ತಾತ್ಪರ್ಯವಲ್ಲ. ಧಾರವಾಡದ ಸಮೀಪದ ಮನಸೂರಿನವರಾದ ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ನಾಟಕ ಮಂಡಳಿಯನ್ನು ಸೇರಿದ್ದವರು. ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತವನ್ನೂ, ನೀಲಕಂಠಬುವಾ ಮಿರಜಕರರಲ್ಲಿ ಗ್ವಾಲಿಯರ ಪದ್ಧತಿಯನ್ನೂ ಕಲಿತರು. ಅನಂತರ ಅಲ್ಲಾದಿಯಾ ಖಾನರ ಪುತ್ರರಾದ ಮಂಜೀಖಾನ, ಬುರ್ಜೀಖಾನರಲ್ಲಿ ಜಯಪುರ-ಅತ್ರೌಲಿ ಘರಾಣೆಯ ವಿದ್ಯೆಯನ್ನು ಪಡೆದರು. ಆ ವಿದ್ಯೆಯಿಂದ ಅವರು ಶಿವಶರಣರ ವಚನಗಳನ್ನು ಹಾಡಿದರು. ವಚನಕ್ಕೆ ಛಂದಸ್ಸಿನ ನಿಯತವಾದ ಪಾದಗಳಿಲ್ಲ. ತಾಳಕ್ಕೆ ಕೂಡಿಸಹೋದರೆ ಮಾತು ಮುರಿಯುವುದು, ಮಾತನ್ನು ಉಳಿಸಹೋದರೆ ತಾಳವು ಸಡಿಲುವುದು. ಈ ಇಕ್ಕಟ್ಟಿನಲ್ಲಿ ದಾರಿಯನ್ನು ಕಂಡವರು ಅವರು. 1992ರಲ್ಲಿ ಲಿಂಗೈಕ್ಯರಾದ ಆ ಗಾಯಕರ ಧ್ವನಿಮುದ್ರಿಕೆಗಳನ್ನು ಕೇಳಿ, ಅದೇ ಏರಿಳಿತವನ್ನು ಹಾಗೆಯೇ ಒಪ್ಪಿಸುವ ತರುಣರು ಈಗ ಬಹಳ. ಅವರು ಕೇಳಬೇಕಾದುದು ಆ ಇಕ್ಕಟ್ಟನ್ನು.

ಇನ್ನು ತಂದೆತಾಯಿಗಳ ಪ್ರಶ್ನೆ. ಹಾನಗಲ್ಲ ಕುಮಾರಸ್ವಾಮಿಗಳು (1867-1930) ಮಲಾಪಹಾರಿಯ ದಂಡೆಯಲ್ಲಿ 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ವಿರಕ್ತರು. ವೈರಾಗ್ಯದಲ್ಲಿ ಅವರಿಗೆ ಪಾಠ ಹೇಳತಕ್ಕವರು ಯಾರೂ ಇರಲಿಲ್ಲ. ಕಾಡಶೆಟ್ಟಿಹಳ್ಳಿಯ ಅಂಧ ಸೋದರರಿಬ್ಬರು ಹಾಡುವುದನ್ನು ಕೇಳಿ ಅವರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡು ಸಂಗೀತವನ್ನು ಕಲಿಸಿದವರು ಅವರೇ. ಆ ಬಾಲಕರಲ್ಲೊಬ್ಬರು ಮುಂದೆ ಕರ್ನಾಟಕ, ಹಿಂದುಸ್ತಾನಿ ಎರಡರಲ್ಲಿಯೂ ಪಾರಂಗತರಾದ ಪಂಚಾಕ್ಷರಿ ಗವಾಯಿಗಳು (1892-1944). ಕುರುಡನಿಗೆ ಭಿಕ್ಷೆಯೊಂದೇ ಗತಿಯೆಂದು ಲೋಕವು ನಿಶ್ಚಯಿಸಿದ್ದ ಕಾಲದಲ್ಲಿ ಗವಾಯಿಗಳು ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಅವರಿಗೆ ಅನ್ನವನ್ನೂ ಸ್ವರವನ್ನೂ ಇಕ್ಕಿದರು. ಬಸವರಾಜ ರಾಜಗುರುಗಳು ಅವರ ಶಿಷ್ಯರೇ.

ಶಿಷ್ಯರ ದಾಸೋಹವು ಬರಿಯ ಸಂಗೀತದಿಂದ ನಡೆಯದಾದಾಗ ನಾಟಕ ಸಂಘವೂ ಹುಟ್ಟಿತು. ಜಂಗಮಮೂರ್ತಿಗಳು ನಾಟಕವನ್ನಾಡಿಸುವುದೆ ಎಂದು ಮೂಗಿನ ಮೇಲೆ ಬೆರಳಿಡುವವರಿಗೆ ಯಾವ ಕಾಲದಲ್ಲಿಯೂ ಕೊರತೆಯಿಲ್ಲ. ಆದರೆ ಟಿಕೀಟಿನ ಹಣವು ಪ್ರಸಾದದ ಪಂಕ್ತಿಗೆ ಸೇರಿತು. ಶೈಶವದಲ್ಲಿಯೇ ಕಣ್ಣು ಕಳೆದುಕೊಂಡ ಪುಟ್ಟರಾಜ ಗವಾಯಿಗಳು (1914-2010) ಆ ರಂಗಕ್ಕೆ ನಾಟಕಗಳನ್ನು ರಚಿಸಿಕೊಟ್ಟರು. ರಂಗವನ್ನು ಕಾಣದವರು ರಂಗಕ್ಕೆ ಬರೆಯುವುದು ಹೇಗೆಂದು ಅಚ್ಚರಿಪಡುವವರು ಕಂಪನಿ ನಾಟಕವನ್ನು ಕಿವಿಗೊಟ್ಟು ಕೇಳಿದವರಲ್ಲ. ಅದು ಪರದೆಯ ಚಿತ್ರಗಳಿಗಿಂತ ಹೆಚ್ಚಾಗಿ ಹಾಡಿನ ಕಲೆ, ಸಂವಾದದ ಏರಿಳಿತದ ಕಲೆ. ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿಗಳನ್ನು ನುಡಿಸಬಲ್ಲ ಆ ಕೈಗಳಿಗೂ ಕಿವಿಗಳಿಗೂ ರಂಗವು ಬೇಕಾದಷ್ಟು ಕಾಣುತ್ತಿತ್ತು. ಅವರೂ ತಮ್ಮಲ್ಲಿದ್ದುದರಿಂದಲೇ ರಚಿಸಿದರು, ಇಲ್ಲದುದನ್ನು ಎರವಲು ತರಲಿಲ್ಲ.

ಮಗನ ಬಣ್ಣದ ಪೆಟ್ಟಿಗೆಯನ್ನು ಬಚ್ಚಿಡುವ ಮೊದಲು ತಂದೆಯಾದವನು ಒಮ್ಮೆ ಗದುಗಿಗೆ ಹೋಗಿ ಬರಲಿ. ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿದ್ದ ಮಕ್ಕಳೂ ಕಣ್ಣಿಲ್ಲದ ಮಕ್ಕಳೂ ಒಂದೇ ತಂಬೂರಿಯ ಶ್ರುತಿಗೆ ಕಂಠವನ್ನು ಕೂಡಿಸುತ್ತ ಕುಳಿತಿರುತ್ತಾರೆ.